ವೈಜಯಂತಿಯ ಹೆಬ್ಬೆರಳು

ಭಾವಿಕೇರಿಯ ವೈಜಯಂತಿ ಬಂಗಡೆಯ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದಳೆಂದರೆ ಮುಗಿಯಿತು. ಮೀನು ಇಂದಿನದೋ ನಿನ್ನೆಯದೋ ಎಂಬುದರಲ್ಲಿ ಮತ್ತೆ ಎರಡು ಮಾತಿಲ್ಲ. ಕಣ್ಣು, ಕಿವಿರು ಬಿಡಿಸಿ ನೋಡುವವರನ್ನು ಕಂಡರೆ ಅವಳಿಗೆ ನಗು. ಮೂವತ್ತು ವರ್ಷ ಅಂಕೋಲೆಯ ಪೇಟೆಯಲ್ಲಿ ಅವಳ ಬುಟ್ಟಿ ಖಾಲಿಯಾದದ್ದು ಈ ಹೆಬ್ಬೆರಳಿನ ಹೆಸರಿನಲ್ಲೇ.

೨೦೦೬ರ ಮಳೆಗಾಲ ಮುಗಿದು ದೋಣಿಗಳು ಕಡಲಿಗಿಳಿದ ಹೊತ್ತಿಗೆ ಅವಳ ಬೆರಳುಗಳು ಖಾರ ಅರೆದ ಕೈಯಂತೆ ಉರಿಯತೊಡಗಿದವು. ನೋಡಿದರೆ ಒಂದು ಗೀರೂ ಇಲ್ಲ. ಬೇರೆಯವರಾದರೆ ಎಣ್ಣೆ ಹಚ್ಚುತ್ತಿದ್ದರೇನೋ. ಇವಳ ಪಕ್ಕದಲ್ಲೇ ಮೀನಿನ ಐಸಿನ ಪೆಟ್ಟಿಗೆ ಇತ್ತಲ್ಲ, ಗಿರಾಕಿ ಇಲ್ಲದಾಗಲೆಲ್ಲ ಕೈಯನ್ನು ಅದರೊಳಗೆ ಹುಗಿದು ಕೂತಳು. ಹಾಯೆನಿಸಿತು. ಬೆರಳ ತುದಿ ಬಿಳಿಚಿ ಬೊಬ್ಬೆಯೆದ್ದಾಗ, ತಪ್ಪೆಲ್ಲ ಐಸಿನದೇ ಎಂದು ಪೇಟೆಯೇ ತೀರ್ಪು ಕೊಟ್ಟಿತು. ಐಸು ಬಿಟ್ಟಳು, ಬೊಬ್ಬೆ ಮಾಯಿತು, ಉರಿ ಮಾತ್ರ ಹೋಗಲಿಲ್ಲ. ಬರಬರುತ್ತ ಸ್ಪರ್ಶವೇ ಮಂಕಾಯಿತು. ಹಳೆಯ ಗಿರಾಕಿ ಗಂಗೂಬಾಯಿ ಮೆತ್ತಗಾದ ಬಂಗಡೆಯನ್ನು ಪೇಟೆಯ ನಡುವೆ ವಾಪಸು ತಂದುಕೊಟ್ಟ ದಿನ ವೈಜಯಂತಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಕಾರವಾರದ ಡಾಕ್ಟರಮ್ಮ ಸಕ್ಕರೆ ಕಾಯಿಲೆ ಇಲ್ಲವೆಂದು ನೋಡಿಕೊಂಡು, ವಿಚಿತ್ರ ಪ್ರಶ್ನೆ ಕೇಳಿದರು. "ಅನ್ನ ನುಂಗೂಕೆ ನೀರು ಬೇಕಾಗ್ತದಾ? ಕಣ್ಣಲ್ಲಿ ಮರಳು ಬಿದ್ದಾಂಗೆ ಆಗ್ತದಾ?"

"ಎರಡೂ ಹೌದ್ರಾ! ಕಡಲ ಗಾಳಿಗೆ ಅಂತ ಮಾಡಿದ್ದೆ. ಬಾಯಿಗೂ ಬೆರಳಿಗೂ ಎಂತಾ ಸಂಬಂಧ?"

ಸಂಬಂಧ ಇತ್ತು. ಮಂಗಳೂರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಬಂದ ಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದರು: ರೋಗಾಣುಗಳನ್ನು ಹೊಡೆಯಬೇಕಾದ ದೇಹದ ರೋಗನಿರೋಧಕ ಶಕ್ತಿಯೇ ಎಂಜಲು, ಕಣ್ಣೀರಿನ ಗ್ರಂಥಿಗಳ ಮೇಲೆ ಬಿದ್ದಿದೆ, ಸ್ಪರ್ಶ ತಿಳಿಸುವ ನರಗಳನ್ನೂ ಬಿಟ್ಟಿಲ್ಲ.

"ಅಂದ್ರೆ ಮನೆ ಕಾಯೂ ನಾಯಿ ಮನೆಯವರಿಗೇ ಕಚ್ತು. ಯಂತಕೆ?"

"ಅದು ನಮಗೂ ಪೂರ್ತಿ ಗೊತ್ತಿಲ್ಲ."

ಗೊತ್ತಿಲ್ಲ ಎಂದ ಡಾಕ್ಟರನ್ನು ಅವಳು ಕಂಡದ್ದು ಅದೇ ಮೊದಲು, ನಂಬಿಕೆ ಹುಟ್ಟಿತು. ಗುಳಿಗೆಯಿಂದ ಕಾಯಿಲೆ ತಣಿಯಬಹುದು, ಹೋದ ಸ್ಪರ್ಶ ಮರಳುತ್ತದೆಂದು ಮಾತು ಕೊಡಲಾರೆ ಎಂದರು.

ಹದಿನೈದು ದಿನ ಬಿಟ್ಟು ಬೇಲೆಕೇರಿ ಬಂದರದ ಹರಾಜಿಗೆ ಹೋದಳು. ಯಾವ ಮೀನು ಒಳ್ಳೆಯದೆಂದು ಒಬ್ಬಳು ಇನ್ನೊಬ್ಬಳಿಗೆ ಬಾಯಿಬಿಡುವ ಪದ್ಧತಿ ಅಲ್ಲಿಲ್ಲ. ಅಂಥಲ್ಲಿ, ದಿನಾ ಹರಾಜಿನಲ್ಲಿ ತನಗಿಂತ ಹೆಚ್ಚಿನ ಬೆಲೆಗೆ ಸವಾಲು ಕೂಗುವ ಮೀನು ಮಾರುವ ಸುಮಲತಾಳ ಕೈ ಹಿಡಿದಳು.

"ನನ್ನ ಬೆರಳಿಗೆ ಏನೂ ತಿಳೂದಿಲ್ಲ ಮಾರಾಯ್ತಿ. ನೀನೇ ಒತ್ತಿ ಹೇಳು."

ಸುಮಲತಾ ಅತ್ತಿತ್ತ ನೋಡಿ, ಒತ್ತಿದಳು. "ತಾಜಾ ಅದೆ ಅಕ್ಕಾ."

"ಹ್ಯಾಂಗೆ ತಿಳೀತು?"

"ಅದನ್ನ ಹೇಳೂಕೆ ಬರ್ತದಾ? ಕೈಗೆ ತಿಳೀತದೆ."

ತಾನೂ ಇಷ್ಟು ವರ್ಷ ಕೇಳಿದವರಿಗೆಲ್ಲ ಕೊಟ್ಟದ್ದು ಇದೇ ಉತ್ತರ. ವೈಜಯಂತಿ ಇನ್ನಷ್ಟು ಹತ್ತಿರ ಸರಿದಳು.

"ಆದ್ರೂ ಹೇಳೇ. ತಾಜಾ ಮೀನು ಕೈಗೆ ಹ್ಯಾಂಗೆ ತಾಗ್ತದೆ ಅನ್ನೂದೇ ನಂಗೆ ಮರ್ತು ಹೋಗ್ತದೆ ಅಂತ ಹೆದರಿಕೆ."

ಹರಾಜಿನವ ಬೆಲೆ ಕೂಗುತ್ತಲೇ ಇದ್ದ. ಸುಮಲತಾ ಕಣ್ಣು ಮುಚ್ಚಿ, ಮತ್ತೊಮ್ಮೆ ಮೀನನ್ನು ಒತ್ತಿ, ಮಾತಿಗಾಗಿ ತಡಕಾಡತೊಡಗಿದಳು.