ನಮ್ಮ ಮದುವೆಗೆ ಸಾಕ್ಷಿ ಹೇಳಿದವರು

ಮುಂಬೈಯಿಂದ ವಾಪಸು ಬರುವಾಗ ರೈಲಿನಲ್ಲಿ ನಾವಿಬ್ಬರೂ ಕಾಗದಗಳ ಚೀಲವನ್ನು ನಡುವೆ ಇಟ್ಟುಕೊಂಡು ಕೂತಿದ್ದೆವು. ನನ್ನ ಹೆಂಡತಿಗೆ ಅಮೆರಿಕದ ವೀಸಾ ಸಿಕ್ಕಿತ್ತು. ನನಗೆ ಸಿಕ್ಕಿರಲಿಲ್ಲ.

ಅವಳು ನರ್ಸ್. ಅಲ್ಲಿನ ಒಂದು ಆಸ್ಪತ್ರೆ ಅವಳನ್ನು ಕೆಲಸಕ್ಕೆ ಕರೆಸಿಕೊಂಡಿತ್ತು. ಅವಳಿಗೆ ಗ್ರೀನ್ ಕಾರ್ಡ್, ಗಂಡನೆಂಬ ಕಾರಣಕ್ಕೆ ಅವಳ ಬೆನ್ನಿಗೇ ನನಗೂ ಒಂದು. ನಾನು ವೈಟ್‌ಫೀಲ್ಡ್ ಕಡೆಯ ಕಾರ್ಖಾನೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಬೀಳ್ಕೊಡುಗೆಯ ಹಾರವನ್ನೂ ಹಾಕಿಸಿಕೊಂಡು ಮುಂಬೈಗೆ ಹೋಗಿದ್ದೆ. ಅಷ್ಟು ಧೈರ್ಯ.

ಅಮೆರಿಕದ ಕಾನ್ಸುಲೇಟಿನಲ್ಲಿ ಕಿಟಕಿಯ ಆಚೆ ಕೂತಿದ್ದ ಅಧಿಕಾರಿ ಹೆಂಗಸು ಸಿಡುಕಲಿಲ್ಲ. ನನ್ನ ಅರೆಬರೆ ಇಂಗ್ಲಿಷಿಗೆ ನಗಲೂ ಇಲ್ಲ. ಮದುವೆಯ ಫೋಟೋ ಕೇಳಿದಳು. ಇರಲಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಗೆಳೆಯನೊಬ್ಬ ಫೋನಿನಲ್ಲಿ ತೆಗೆದಿದ್ದ ಒಂದೇ ಒಂದು ಚಿತ್ರ, ಅದರಲ್ಲೂ ನಾನು ಕಣ್ಣು ಮುಚ್ಚಿದ್ದೆ. ಎಲ್ಲಿ ವಾಸ ಎಂದು ಕೇಳಿದಳು. ಬಂಗಾರಪೇಟೆಯಲ್ಲಿ ಬಾಡಿಗೆ ಮನೆ ಎಂದೆವು. ಹಾಗಾದರೆ ಹೆಂಡತಿಯ ಆಧಾರಿನಲ್ಲಿ ಕೆಜಿಎಫ್ ವಿಳಾಸ, ಗಂಡನದರಲ್ಲಿ ಬೂದಿಕೋಟೆ ಕಡೆಯ ಹಳ್ಳಿ, ಯಾಕೆ? ಬದಲಾಯಿಸಿಲ್ಲ ಎಂದೆವು. ಮದುವೆಗೆ ತಂದೆತಾಯಿ ಬಂದಿದ್ದರೇ? ಇಲ್ಲ. ಈಗ ಅವರಿಗೆ ಗೊತ್ತೇ?

"ಗೊತ್ತು," ಎಂದಳು ನನ್ನ ಹೆಂಡತಿ. "ಗೊತ್ತಾಗಿದ್ದಕ್ಕೇ ಮಾತು ಬಿಟ್ಟಿದ್ದಾರೆ."

ಅಧಿಕಾರಿ ಬಹಳ ಹೊತ್ತು ಏನೋ ಟೈಪ್ ಮಾಡಿದಳು. ಆಮೇಲೆ ನನ್ನ ಕೈಗೆ ಒಂದು ಚೀಟಿ ಬಂತು. ಈ ಮದುವೆ ನಿಜವಾದದ್ದು ಎನ್ನುವುದಕ್ಕೆ ಇನ್ನೂ ಪುರಾವೆ ಬೇಕು, ಅಲ್ಲಿಯವರೆಗೆ ನನ್ನ ಅರ್ಜಿ ಬಾಕಿ.

ನಾವು ಪರಿಚಯವಾದದ್ದು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಮಾರಿಕುಪ್ಪಂ ರೈಲಿನಲ್ಲಿ. ಅವಳು ಕೆಜಿಎಫ್‌ನಲ್ಲಿ ಹತ್ತಿ ಬರುತ್ತಿದ್ದಳು, ನಾನು ಬಂಗಾರಪೇಟೆಯಲ್ಲಿ ಹತ್ತುತ್ತಿದ್ದೆ. ಅವಳದು ಗಣಿ ಕಾಲೊನಿಯ ತಮಿಳು ಮನೆ. ನಮ್ಮದು ರಾಗಿ, ಹಸು, ಹಾಲಿನ ಡೇರಿಯ ಮನೆ. ಜಾತಿಯೂ ಬೇರೆ. ಇಬ್ಬರಿಗೂ ತಾಯಿಯೊಬ್ಬಳೇ ಉಳಿದಿದ್ದಳು. ಇಬ್ಬರು ತಾಯಂದಿರೂ ಒಬ್ಬರನ್ನೊಬ್ಬರು ನೋಡದೆಯೇ ಒಂದೇ ಮಾತು ಹೇಳಿದ್ದರು, ಅದಾಗದ ಮಾತು ಎಂದು. ನಾವು ರಿಜಿಸ್ಟರ್ ಮಾಡಿಕೊಂಡೆವು.

ಅವಳ ವೀಸಾಕ್ಕೆ ಗಡುವಿತ್ತು. ಅದರೊಳಗೆ ಹೊರಡದಿದ್ದರೆ ಮತ್ತೆ ಮೊದಲಿಂದ. "ನಿಂಗೂ ವೀಸಾ ಬಂದ್ಮೇಲೇ ನಾನು ಹೋಗೋದು," ಎಂದು ಹಟ ಹಿಡಿದಳು. "ನೀನು ಹೋಗದಿದ್ರೆ ನಾನು ಯಾರ ಹಿಂದೆ ಬರ್ಲಿ?" ಎಂದೆ. ಕೊನೆಗೆ ಒಬ್ಬಳೇ ಹೊರಟಳು.

ಅವಳು ಹೋದ ಮೇಲೆ ನನಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಬಾಡಿಗೆ ಮನೆ ಬಿಟ್ಟು ಹಳ್ಳಿಗೆ ಬಂದೆ. ಅಮ್ಮ ನನಗೆ ಅನ್ನ ಹಾಕುತ್ತಿದ್ದಳು, ಸೊಸೆಯ ಸುದ್ದಿ ಎತ್ತುತ್ತಿರಲಿಲ್ಲ. ಬೆಳಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದರೆ ಮುಂದೆ ದಿನವಿಡೀ ಖಾಲಿ. ಫೋನಿನಲ್ಲಿ ಅರ್ಜಿಯ ಸ್ಥಿತಿ ನೋಡುವುದು, ಜೇಬಿಗೆ ಹಾಕುವುದು, ಹೊಲದ ಬದುವಿನ ತನಕ ನಡೆಯುವುದು, ಮತ್ತೆ ತೆಗೆದು ನೋಡುವುದು. ಅದರಲ್ಲಿ ಅದೇ ಸಾಲು. ಸೂಟ್‌ಕೇಸು ತುಂಬಿದಂತೆಯೇ ಇತ್ತು. ಒಂದು ಅಂಗಿ ಬೇಕೆಂದರೂ ಅದರೊಳಗಿಂದಲೇ ಎಳೆದು, ಒಗೆದು, ಮತ್ತೆ ಅದರೊಳಗೇ ಇಡುತ್ತಿದ್ದೆ. ಬೀರುವಿನಲ್ಲಿಟ್ಟರೆ ಇಲ್ಲೇ ಉಳಿದುಬಿಡುತ್ತೇನೆಂಬ ಹೆದರಿಕೆ.

ಡೇರಿಯ ಕ್ಯೂನಲ್ಲಿ ನಿಂತವರು ಸುಮ್ಮನಿರುತ್ತಾರೆಯೇ? "ಏನ್ಲಾ, ಎಂಡ್ತಿ ಕರ್ಸ್ಕೊಂತಾಳಾ, ಇಲ್ಲಾ ಅಲ್ಲೇ ಯಾವನ್ನಾನಾ ನೋಡ್ಕೊಂಡ್ಳಾ?" ಎಂದು ಒಬ್ಬ. ವೀಸಾ ಅರ್ಜಿಗೆಂದು ಪೊಲೀಸರಿಂದ ನನ್ನ ಮೇಲೆ ಯಾವ ಕೇಸೂ ಇಲ್ಲವೆಂದು ಪತ್ರ ತರಬೇಕಿತ್ತು. ಅದರ ವಿಚಾರಣೆಗೆ ಪೇದೆ ಮನೆಗೆ ಬಂದುಹೋದ ದಿನ, ಪರದೇಶಕ್ಕೆ ಹೋದ ಹೆಂಡತಿಯೇ ಕಂಪ್ಲೇಂಟ್ ಕೊಟ್ಟಿದ್ದಾಳೆಂದು ಊರೆಲ್ಲ ಸುದ್ದಿಯಾಯಿತು.

ಹೆಂಡತಿ ಡ್ಯೂಟಿ ಮುಗಿಸಿ ಫೋನ್ ಮಾಡುವ ಹೊತ್ತಿಗೆ ನಮ್ಮಲ್ಲಿ ಬೆಳಗಾಗಿರುತ್ತಿತ್ತು. ನಾನು ಹಸುವಿನ ಪಕ್ಕ ಕೂತು ಮಾತಾಡುತ್ತಿದ್ದೆ. ಅವಳು ಹೊಸ ಊರಿನ ಚಳಿಯ ಬಗ್ಗೆ ಹೇಳುತ್ತಿದ್ದಳು, ನಾನು ಕೇಳಿಸಿಕೊಳ್ಳದೆ, "ನಿಮ್ಮಾಸ್ಪತ್ರೆ ವಕೀಲ ಏನಂದ?" ಎನ್ನುತ್ತಿದ್ದೆ. ಒಂದು ದಿನ ಅವಳಿಗೆ ರೇಗಿತು. "ನಾನು ಹೆಂಗಿದೀನಿ ಅಂತ ಕೇಳೋದು ಬಿಟ್ಟು ಯಾವಾಗ್ಲೂ ಅದೇ. ನೀನೂ ಆ ಕಿಟಕಿ ಆಫೀಸರ್ ತರಾನೇ ಆಗ್ಬಿಟ್ಟೆ." ಫೋನ್ ಇಟ್ಟಳು. ನಾನು ಹಾಲಿನ ಕ್ಯಾನು ಅಲ್ಲೇ ಬಿಟ್ಟು ಬಸ್ ಹತ್ತಿ ಬಂಗಾರಪೇಟೆಗೆ ಹೋಗಿ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಸುಮ್ಮನೆ ತಿರುಗಾಡಿದೆ. ಯಾವ ರೈಲಿಗೂ ಕಾಯುತ್ತಿರಲಿಲ್ಲ.

ಆವತ್ತೇ ಕೋರ್ಟಿನ ಹತ್ತಿರದ ಒಬ್ಬ ವಕೀಲರ ಬಳಿ ಹೋದೆ. ಅವರು ಚೀಟಿ ಓದಿ ಹೇಳಿದರು: "ನೋಡಪ್ಪ, ಸ್ನೇಹಿತರ ಸಾಕ್ಷಿ ಸಾಲದು. ಎರಡೂ ಕಡೆ ತಾಯಂದಿರು ಅಫಿಡವಿಟ್ ಕೊಟ್ರೆ ಗಟ್ಟಿ. ಅವರೇ ಒಪ್ಪಿದ್ಮೇಲೆ ಬೇರೆಯವರು ಯಾಕೆ ಅನುಮಾನ ಪಡ್ತಾರೆ?"

ಅವರೇ ಒಪ್ಪಿದ ಮೇಲೆ. ಅದೇ ತಾನೇ ಕಷ್ಟ.

ಅಮ್ಮನಿಗೆ ಹೇಳಿದೆ. ಅವಳು ಮುದ್ದೆ ತೊಳಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನನ್ನ ಕೇಳಿ ಆದ್ಯೇನ್ಲಾ ಮದ್ವೆಯಾ? ಈಗ ಅಮೆರಿಕದೋರ್ಗೆ ಸಾಕ್ಷಿ ಏಳಕ್ಕೆ ನಾನು ಬೇಕಾ?" ಎಂದಳು. ನಾನು ಎದ್ದು ಹೊರಟೆ. ಹೊಸ್ತಿಲು ದಾಟುವಾಗ ಹಿಂದಿನಿಂದ ಕೂಗಿದಳು: "ಉಣ್ಣದೆ ಎಲ್ಲಿಗೋಗ್ತಿ? ಬತ್ತೀನಿ, ಯಾವತ್ತು ಅಂತ ಏಳು. ಆ ಕೆಜಿಎಪ್ಪಿನ ಅಮ್ಮ ಬಂದ್ರೆ ನಾನೂ ಬತ್ತೀನಿ. ನಾನೊಬ್ಳೇ ಯಾಕೆ ಸೋಲ್ಬೇಕು?"

ಹೆಂಡತಿ ಮಾತ್ರ ಬೇಡವೆಂದಳು. "ನಮ್ಮಮ್ಮ ಬಾಗ್ಲೂ ತೆಗ್ಯಲ್ಲ, ಹೋಗ್ಬೇಡ."

ಹೋದೆ. ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ಬೂದು ಧೂಳು ಗಾಳಿಗೆ ಎದ್ದು ಕಾಲೊನಿಯ ಮೇಲೆ ಬೀಳುತ್ತಿತ್ತು. ಅತ್ತೆ ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರು, ಹಾಗಾಗಿ ಬಾಗಿಲು ತೆಗೆಯುವ ಪ್ರಶ್ನೆ ಬರಲಿಲ್ಲ. ನಾನು ಯಾರೆಂದು ಹೇಳಬೇಕಾಗಲೂ ಇಲ್ಲ.

"ಏನು?" ಎಂದರು.

ಎಲ್ಲವನ್ನೂ ಹೇಳಿದೆ. ಮಗಳ ಮದುವೆ ಆಗಿದೆಯೆಂದು ವಕೀಲರ ಮುಂದೆ ಒಂದು ಸಹಿ ಬೇಕು ಎಂದೆ.

"ನಾನು ನೋಡಿಲ್ಲ ಅಲ್ವಾ?" ಎಂದರು. "ತಾಲಿ ಕಟ್ಟಿದ್ದು ನೋಡಿಲ್ಲ. ಅಕ್ಷತೆ ಹಾಕಿಲ್ಲ. ನೋಡದೇನೇ ನೋಡಿದ್ದೀನಿ ಅಂತ ಪೊಯ್ ಹೇಳು ಅಂತೀಯಾ? ಈ ವಯಸ್ಸಲ್ಲಿ ಸುಳ್ಳು ಸಾಕ್ಷಿ ವೇಂಡಾಪ್ಪಾ."

ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಅಲ್ಲೇ ನಿಂತೆ, ಕೂತೆ, ಮತ್ತೆ ನಿಂತೆ.

"ಒಂದ್ಕಡೆ ಕೂತ್ಕೋ. ತಲೆ ಸುತ್ತತ್ತೆ ನಿನ್ನ ನೋಡಿ," ಎಂದರು. ಆಮೇಲೆ ಮೊರ ಕೆಳಗಿಟ್ಟು ಕೇಳಿದರು: "ಅವಳು ಅಲ್ಲಿ ಒಬ್ಳೇ ಇದಾಳಾ?"

"ಒಬ್ಳೇ, ಅತ್ತೆ."

"ಅಡುಗೆ ಮಾಡ್ಕೊತಾಳಾ, ಇಲ್ಲ ಬರೀ ಬ್ರೆಡ್ಡಾ?"

"ಜಾಸ್ತಿ ಬ್ರೆಡ್ಡೇ."

ಅವರು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. ಆಮೇಲೆ, ನನಗಲ್ಲ, ತಮಗೇ ಎನ್ನುವಂತೆ ಹೇಳಿದರು: "ಮದ್ವೆ ಆಗದೆ ಇದ್ರೆ ನಾನು ಯಾಕೆ ಮಗಳ ಹತ್ರ ಮಾತು ಬಿಡ್ತೀನಿ? ಹಾಂ? ಅದು ನಿಜ ತಾನೇ. ಅದನ್ನ ಬರ್ಕೊಳ್ಳಿ. ಅದಕ್ಕೆ ಸಹಿ ಹಾಕ್ತೀನಿ."

ಹೀಗೆ ಒಂದು ಬೆಳಗ್ಗೆ ಬಂಗಾರಪೇಟೆಯಲ್ಲಿ ನೋಟರಿಯ ಅಂಗಡಿ ಮುಂದಿನ ಬೆಂಚಿನ ಮೇಲೆ ಇಬ್ಬರು ತಾಯಂದಿರೂ ಮೊದಲ ಸಲ ಎದುರಾದರು. ಅಮ್ಮ ಒಂದು ತುದಿ, ಅತ್ತೆ ಇನ್ನೊಂದು ತುದಿ. ನಡುವೆ ಮೂರು ಜನ ಕೂರುವಷ್ಟು ಜಾಗ. ಅಮ್ಮನಿಗೆ ತಮಿಳು ಬಾರದು. ಅತ್ತೆಯ ಕನ್ನಡ ಅಮ್ಮನಿಗೆ ಅಷ್ಟಾಗಿ ಅರ್ಥವಾಗುವಂತಿರಲಿಲ್ಲ. ನಾನು ಇಬ್ಬರ ಮುಂದೆಯೂ ಓಡಾಡುತ್ತಾ, ಟೀ ತರಲೇ, ನೀರು ತರಲೇ ಎಂದು ಕೇಳುತ್ತಾ, ಯಾರೂ ಎದ್ದು ಹೋಗದಿರಲಿ ಎಂದುಕೊಳ್ಳುತ್ತಿದ್ದೆ.

ಬಿಸಿಲು ಅತ್ತೆಯ ಮುಖಕ್ಕೆ ಹೊಡೆಯತೊಡಗಿತು. ಅಮ್ಮ ಒಂದಿಷ್ಟು ಸರಿದು, "ಇಟ್ಲಾ ರಾಮ್ಮಾ, ನೀಡಕಿ," ಎಂದಳು. ನೆರಳಿಗೆ ಬಾ ಎಂದು, ತೆಲುಗಿನಲ್ಲಿ. ಆಂಧ್ರದ ಗಡಿಯ ಊರು ನಮ್ಮದು, ಅಮ್ಮನ ತವರಿನಲ್ಲಿ ಅರ್ಧ ತೆಲುಗೇ. ಅತ್ತೆಗೆ ಅಚ್ಚರಿಯಾಯಿತು, ಅವರಿಗೂ ತೆಲುಗು ಬರುತ್ತಿತ್ತು. ಗಣಿಯ ಕಾಲೊನಿಯಲ್ಲಿ ಅವರ ಪಕ್ಕದ ಮನೆಯವರೆಲ್ಲ ಚಿತ್ತೂರಿನ ಕಡೆಯವರಂತೆ. ಸರಿದು ಕೂತರು. ಆಮೇಲೆ ಇಬ್ಬರೂ ಶುರುವಾದರು. ಮಂಡಿನೋವು, ಹಾಲಿನ ರೇಟು, ನಲ್ಲಿ ನೀರು, ಕೊನೆಗೆ ನಮ್ಮಿಬ್ಬರ ಮೇಲಿನ ದೂರು. "ಒಂದು ಮಾತು ಕೇಳಿದ್ದರೆ ನಾವೇನು ತಿಂದುಬಿಡುತ್ತಿದ್ದೆವಾ" ಎಂದು ಅಮ್ಮ, "ಅದೇ ಅಲ್ಲವಾ ವದಿನಾ" ಎಂದು ಅತ್ತೆ. ವದಿನಾ ಎಂದರೆ ಅತ್ತಿಗೆ. ಬೀಗರಾದ ಹೆಂಗಸರು ತೆಲುಗಿನಲ್ಲಿ ಒಬ್ಬರನ್ನೊಬ್ಬರು ಕರೆಯುವುದು ಹಾಗೆಯೇ. ಅದು ಅವರ ಬಾಯಿಂದ ತಾನಾಗಿಯೇ ಬಂದದ್ದೋ, ಬೇಕೆಂದೇ ಅಂದರೋ, ನನಗೆ ಈಗಲೂ ತಿಳಿಯದು.

ನೋಟರಿ ಒಳಗೆ ಕರೆದರು. ಅತ್ತೆ ಹೇಳಿದ್ದನ್ನು ಬರೆದುಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. "ಇದೆಲ್ಲ ಯಾಕಮ್ಮ? ಮದುವೆ ನನ್ನ ಸಮ್ಮುಖದಲ್ಲಿ ಆಯ್ತು ಅಂತ ಒಂದು ಸಾಲು ಸಾಕು, ಎಲ್ಲರೂ ಹಂಗೇ ಹಾಕ್ಸೋದು."

"ಎಲ್ಲರೂ ಹಾಕ್ಸಲಿ. ನಾನು ಹೇಳ್ದಂಗೆ ಹಾಕಿ," ಎಂದರು ಅತ್ತೆ. "ಮಗಳು ನನ್ನ ಕೇಳದೆ ಮದ್ವೆ ಆದ್ಳು. ಕೋಪ ಬಂತು. ಅವತ್ತಿಂದ ಮಾತಾಡಿಲ್ಲ. ಇವರು ನಮ್ಮ ಮಾಪ್ಳೆ, ಅದು ನನಗೆ ಗೊತ್ತು. ಅಷ್ಟೇ."

ಮಾಪ್ಳೆ ಎಂದರೆ ಅಳಿಯ. ಆ ಮಾತು ಕೇಳಿ ನಾನು ಅಂಗಡಿಯಿಂದ ಹೊರಗೆ ಬಂದುಬಿಟ್ಟೆ. ನೋಟರಿ ನನ್ನನ್ನು ಎರಡು ಸಲ ಕೂಗಬೇಕಾಯಿತು.

ಇಬ್ಬರು ತಾಯಂದಿರ ಕಾಗದಗಳೂ ಮುಂಬೈಗೆ ಹೋದವು. ಆಮೇಲೆ ಇನ್ನೂ ಕೆಲವು ತಿಂಗಳು ಅದೇ ಫೋನು, ಅದೇ ಬದು. ಹೆಂಡತಿಗೆ ಅಫಿಡವಿಟ್ಟಿನ ಫೋಟೋ ಕಳಿಸಿದ್ದೆ. ಅವಳು ಓದಿ, "ಇದನ್ನ ಅಮ್ಮಾನೇ ಹೇಳಿದ್ಳಾ? ವಕೀಲರು ಬರ್ದಿದ್ದಲ್ವಾ?" ಎಂದು ಮತ್ತೆ ಮತ್ತೆ ಕೇಳಿದಳು. ನಾನು ಆಗಾಗ ಕೆಜಿಎಫ್‌ಗೆ ಹೋಗುತ್ತಿದ್ದೆ. ಅತ್ತೆ ಮಗಳ ಬಗ್ಗೆ ನನ್ನನ್ನು ಕೇಳುತ್ತಿದ್ದರು, ಫೋನ್ ಕೊಟ್ಟರೆ ಮಾತ್ರ ಕೈ ಹಿಂದಕ್ಕೆಳೆಯುತ್ತಿದ್ದರು.

ಕೊನೆಗೆ ಮುಂಬೈಯಿಂದ ಮತ್ತೆ ಕರೆ ಬಂತು. ಈ ಸಲ ಕಿಟಕಿಯ ಹಿಂದೆ ಬೇರೆ ಅಧಿಕಾರಿ, ವಯಸ್ಸಾದವನು. ಅಫಿಡವಿಟ್ಟಿನ ಇಂಗ್ಲಿಷ್ ಪ್ರತಿಯನ್ನು ನಿಧಾನವಾಗಿ ಓದಿದ. ಒಂದು ಕಡೆ ನಿಂತು, ಹಿಂದಕ್ಕೆ ಹೋಗಿ ಮತ್ತೆ ಓದಿದ. "ನಿಮ್ಮ ಅತ್ತೆ ಈಗ ಮಾತಾಡುತ್ತಾರಾ?" ಎಂದು ಕೇಳಿದ.

"ನನ್ನ ಜೊತೆ ಮಾತಾಡ್ತಾರೆ ಸಾರ್. ಮಗಳ ಜೊತೆ ಇನ್ನೂ ಇಲ್ಲ," ಎಂದೆ. ಹೌದು ಎಂದುಬಿಟ್ಟರೆ ಚೆನ್ನಾಗಿರುತ್ತಿತ್ತೇನೋ. ಆದರೆ ಅತ್ತೆ ಅಷ್ಟು ಹಟ ಮಾಡಿ ನಿಜವನ್ನೇ ಬರೆಸಿದ ಮೇಲೆ ನಾನು ಸುಳ್ಳು ಸೇರಿಸುವುದು ಹೇಗೆ? ಅವನು ತಲೆಯಾಡಿಸಿದ. ನನ್ನ ಪಾಸ್‌ಪೋರ್ಟನ್ನು ಇಟ್ಟುಕೊಂಡ. ಇಟ್ಟುಕೊಂಡರೆ ಆಯಿತೆಂದೇ ಅರ್ಥ ಎಂದು ಹೊರಗೆ ಸಾಲಿನಲ್ಲಿದ್ದ ಯಾರೋ ಹೇಳಿದರು. ನಾನು ನಂಬಲಿಲ್ಲ. ಪಾಸ್‌ಪೋರ್ಟು ಕೆಲವು ದಿನಗಳ ನಂತರ ವೀಸಾದೊಂದಿಗೆ ಬೆಂಗಳೂರಿನಲ್ಲಿ ಕೈಗೆ ಬಂದ ಮೇಲೂ ಊರಿಗೆ ಬರುವ ರೈಲಿನಲ್ಲಿ ಅದನ್ನು ಮತ್ತೆ ಮತ್ತೆ ತೆರೆದು ಹೆಸರು ಸರಿಯಿದೆಯೇ ನೋಡುತ್ತಿದ್ದೆ.

ಹೊರಡುವ ಮುಂಚೆ ಅತ್ತೆಗೆ ಹೇಳಲು ಹೋದಾಗ ಅವರೇ ಕೈ ಚಾಚಿದರು. "ಫೋನ್ ಹಾಕು." ಹಾಕಿ ಕೊಟ್ಟೆ. ತಮಿಳಿನಲ್ಲಿ ಒಂದೇ ಸಮನೆ ಬೈದರು. ಆ ಕಡೆಯಿಂದ ಮೊದಲು ಅಳು, ಆಮೇಲೆ ನಗು ಕೇಳಿಸಿತು.

ಅಲ್ಲಿನ ವಿಮಾನ ನಿಲ್ದಾಣದಲ್ಲಿ ಹೆಂಡತಿ ನನಗೊಂದು ದಪ್ಪ ಕೋಟು ಹಿಡಿದು ನಿಂತಿದ್ದಳು. ಸಣ್ಣಗಾಗಿದ್ದಳು, ಕೂದಲು ಕತ್ತರಿಸಿಕೊಂಡಿದ್ದಳು. ಅಪರಿಚಿತನ ಹಾಗೆ ಕೈ ಚಾಚಿ ಕೋಟು ತೆಗೆದುಕೊಂಡೆ. "ಹೆಂಗಿದೀಯಾ?" ಎಂದೆ. "ಅಬ್ಬಾ, ಕೇಳಿದ್ಯಲ್ಲ," ಎಂದಳು.

ಈಗ ವರ್ಷಗಳಾದವು. ನಾನು ಇಲ್ಲೊಂದು ಯಂತ್ರದ ಕಾರ್ಖಾನೆಯಲ್ಲಿದ್ದೇನೆ. ಹೋದ ವಾರ ಅವಳು ಪೌರತ್ವದ ಅರ್ಜಿಗೆ ಬೇಕಾದ ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿ ಕೂತಿದ್ದಳು. ಪೌರತ್ವ ಬಂದರೆ ತಾಯಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಬಹುದು. ಅವರು ಬರುತ್ತಾರೋ ಇಲ್ಲವೋ ಬೇರೆ ಮಾತು. ಆದರೆ ಇಲ್ಲಿನ ಪೌರತ್ವ ಪಡೆದರೆ ಭಾರತದ ಪಾಸ್‌ಪೋರ್ಟನ್ನು ಹಿಂದಿರುಗಿಸಬೇಕು.

"ನಿಂದೂ ಜೊತೆಗೇ ಹಾಕೋಣ್ವಾ?" ಎಂದು ಕೇಳಿದಳು.

"ಹಾಕೋಣ," ಎಂದೆ. ಸ್ವಲ್ಪ ಹೊತ್ತಿಗೆ, "ನಿಂದು ಮೊದ್ಲು ಆಗ್ಲಿ," ಎಂದೆ. ಅವಳು ಕನ್ನಡಕದ ಮೇಲಿಂದ ನೋಡಿ, ನನ್ನ ಭಾರತದ ಪಾಸ್‌ಪೋರ್ಟನ್ನು ಆ ಕಾಗದಗಳಿಂದ ಬೇರೆ ತೆಗೆದಿಟ್ಟಳು. ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋಗಿ, ಕಾರು ನಿಲ್ಲಿಸುವ ಬಯಲಿನ ಸುತ್ತ ಕತ್ತಲಾಗುವ ತನಕ ನಡೆದೆ.