ಅವ್ವನ ಎಡಗೈಗೆ ಹೆಣೆದ ತೋಳು

ಆಗಿನ ಚಳಿಗೆ ನಮ್ಮ ಮನೆಯಲ್ಲಿ ಎರಡೇ ಔಷಧ ಇದ್ದವು. ಒಂದು ಒಲಿ, ಇನ್ನೊಂದು ಕೌದಿ. ಸ್ವೆಟರ್ ಅಂದರೆ ಸಾಲಿ ಮಾಸ್ತರರ ಮೈಮೇಲೆ, ಸಾವಕಾರ ಮನೆಯವರ ಮೈಮೇಲೆ ನೋಡುವ ವಸ್ತು. ಎಳ್ಳಮಾಸಿ ಹೊತ್ತಿಗೆ ನಸುಕಿನಲ್ಲಿ ಎದ್ದು, ಒಲಿ ಮುಂದೆ ಕುಕ್ಕರಗಾಲಲ್ಲಿ ಕೂತು, ಬಿಸಿ ಸಜ್ಜಿ ರೊಟ್ಟಿಗೆ ಬೆಣ್ಣಿ ಸವರಿ ತಿಂದವರು ನಿಮ್ಮಲ್ಲಿ ಭಾಳ ಮಂದಿ ಇದ್ದೀರಿ. ಹೊಲದಲ್ಲಿ ಜೋಳದ ಸೀತನಿ ಸುಟ್ಟು ತಿಂದು ಬಾಯಿ ಕರ್ರಗೆ ಮಾಡಿಕೊಂಡವರೂ ಇದ್ದೀರಿ. ನಾನೂ ತಿಂದೇನಿ, ರುಚಿ ಇರಲಿಲ್ಲ ಅನ್ನುವುದಿಲ್ಲ. ಆದರೆ ನಾನು ಸಾಲಿಯಲ್ಲಿ ಐದನೇತ್ತ ಇದ್ದ ವರ್ಷದ ಚಳಿಗಾಲ ನೆನಪಾದರೆ ನನಗೆ ಬಾಯಲ್ಲಿ ನೀರು ಬರುವುದಿಲ್ಲ. ಮುಖ ಬಿಸಿಯಾಗುತ್ತದೆ. ಎಪ್ಪತ್ತು ದಾಟಿದ ಮುದುಕಿಗೆ ಇನ್ನೂ ಮುಖ ಬಿಸಿಯಾಗುತ್ತದೆ ಅಂದರೆ ನಗಬೇಡಿ.

ನಮ್ಮೂರು ರೋಣದಿಂದ ಸವಡಿ ಕಡೆ ಹೋಗುವ ದಾರಿಯಲ್ಲಿ. ಕರಿ ಮಣ್ಣಿನ ಸೀಮಿ. ನಮ್ಮವ್ವ ಗಂಗವ್ವ ಸಾವಕಾರರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಅವಳ ಎಡಗೈ ಸೊಟ್ಟ. ನಾನು ಆರು ತಿಂಗಳ ಕೂಸಿದ್ದಾಗ ಹತ್ತಿ ಹೇರಿದ ಬಂಡಿ ಮೇಲಿಂದ ಬಿದ್ದು ಮೊಣಕೈ ಮುರಿದುಕೊಂಡಿದ್ದಳಂತೆ. ಎಲುಬು ಕೂಡಿಸುವ ಮುದುಕ ಬಿದಿರ ಕಡ್ಡಿ ಇಟ್ಟು ಕಟ್ಟಿ, ನಲವತ್ತು ದಿನ ಬಿಚ್ಚಬೇಡ ಅಂದಿದ್ದ. ಅವ್ವ ಹನ್ನೆರಡನೇ ದಿನಕ್ಕೆ ಬಿಚ್ಚಿ ಒಗೆದಳು. ನಾನು ಎತ್ತಿಕೋ ಅಂತ ಅಳುತ್ತಿದ್ದೆನಂತೆ. ಕೈ ಕುಡಗೋಲಿನ ಹಾಗೆ ಬಾಗಿಯೇ ಕೂಡಿಕೊಂಡಿತು. ಮೊಣಕೈಯಲ್ಲಿ ಒಂದು ದೊಡ್ಡ ಗಂಟು, ಅದರ ಕೆಳಗೆ ಮುಂಗೈ ತೆಳ್ಳಗೆ, ಗಿಡ್ಡ.

ಚಳಿ ಬಿತ್ತೆಂದರೆ ಆ ಗಂಟು ಸೆಳೆಯುತ್ತಿತ್ತು. ದಿನಾ ಸಂಜಿಗೆ ಕುಸುಬಿ ಎಣ್ಣಿ ಬಿಸಿ ಮಾಡಿ ತಿಕ್ಕುವುದು ನನ್ನ ಕೆಲಸ. ಅವ್ವ ಕಣ್ಣು ಮುಚ್ಚಿ ಗೋಡೆಗೆ ಒರಗಿ, ಕೈಯನ್ನು ನನ್ನ ತೊಡೆ ಮೇಲೆ ಇಟ್ಟುಬಿಡುತ್ತಿದ್ದಳು.

"ಈ ಕೈ ಥೇಟ್ ನಮ್ಮತ್ತಿ ಹಂಗ ನೋಡವಾ," ಅನ್ನುತ್ತಿದ್ದಳು. "ಹೇಳಿದ ಮಾತು ಕೇಳೂದಿಲ್ಲ. ಚಳಿ ಬಂತಂದ್ರ ಗೊಣಗೂದು ಬಿಡೂದಿಲ್ಲ."

ಮನೆಯಲ್ಲಿ ಹೀಗೆ ನಗೆಯಾಡುತ್ತಿದ್ದವಳು ಹೊರಗೆ ಬಂದರೆ ಆ ಕೈಯನ್ನು ಸೆರಗಿನ ಒಳಗಿಂದ ತೆಗೆಯುತ್ತಿರಲಿಲ್ಲ. ಹೊಲದಲ್ಲಿ ಮಾತ್ರ ಬಿಡುತ್ತಿದ್ದಳು. ಮದುವಿ ಮನೆಯಲ್ಲಿ ಕುಂಕುಮ ಹಚ್ಚಿಸಿಕೊಳ್ಳುವಾಗಲೂ ಸೆರಗು ಬಿಗಿ ಹಿಡಿದೇ ಇರುತ್ತಿದ್ದಳು. ಊರಲ್ಲಿ ಹಿಂದಿನಿಂದ ಸೊಟ್ಟಗೈ ಗಂಗವ್ವ ಅನ್ನುತ್ತಿದ್ದರು. ನನಗೆ ಸಾಲಿಯಲ್ಲಿ ಸೊಟ್ಟಗೈ ಮಗಳು ಅನ್ನುತ್ತಿದ್ದರು.

ಆ ವರ್ಷ ಸಾಲಿಗೆ ಹೊಸ ಅಕ್ಕೋರು ಬಂದರು, ಗಜೇಂದ್ರಗಡದವರು. ಶನಿವಾರ ಹುಡುಗರನ್ನು ಗಿಡಕ್ಕೆ ನೀರು ಹಾಕಲು ಅಟ್ಟಿ, ಹುಡುಗಿಯರಿಗೆ ಉಲನ್ ಹೆಣೆಯಲು ಕಲಿಸುತ್ತಿದ್ದರು. ಸೀದಾ ಸಾಲು, ಉಲ್ಟಾ ಸಾಲು, ಕುಣಿಕಿ ಹೆಚ್ಚಿಸುವುದು, ಕುಣಿಕಿ ಇಳಿಸುವುದು. ನನಗೆ ಲೆಕ್ಕ ಹತ್ತುತ್ತಿರಲಿಲ್ಲ, ಓದು ಅಷ್ಟಕ್ಕಷ್ಟೆ. ಸೂಜಿ ಮಾತ್ರ ಲಗೂ ಕೈಗೆ ಹತ್ತಿತು. ವರ್ಷಕ್ಕೊಮ್ಮೆ ಆಗುವ ಸಾಲಿಯ ಗ್ಯಾದರಿಂಗಿಗೆ ಎಲ್ಲರೂ ತಮ್ಮ ತಮ್ಮ ಅವ್ವಂದಿರಿಗೆ ಏನಾದರೂ ಹೆಣೆಯಬೇಕು, ಅವತ್ತು ಎಲ್ಲರ ಮುಂದೆ ತೊಡಿಸಬೇಕು ಅಂದರು ಅಕ್ಕೋರು. ಬೇರೆಯವರು ತಲಿಗೆ ಕಟ್ಟುವ ಪಟ್ಟಿ, ಕಾಲಚೀಲ ಅಂತ ಹಿಡಿದರು. ನಾನು ತೋಳಿನದು ಬೇಕು ಅಂದೆ. ಮುಂದೆ ಗುಂಡಿ ಇಲ್ಲದ್ದು, ಬೆನ್ನಿನ ಮೇಲ್ಭಾಗ, ಭುಜ, ಎರಡು ತೋಳು ಮುಚ್ಚುವಂಥದ್ದು. ಅಕ್ಕೋರು ಅದಕ್ಕೆ ಅರ್ಧ ಸ್ವೆಟರ್ ಅಂದರು. ಈಗ ನನ್ನ ಮೊಮ್ಮಗಳು ಅಂಥದ್ದನ್ನೇ ಕೊಂಡು ತಂದು ಶ್ರಗ್ ಅನ್ನುತ್ತಾಳೆ.

ಉಲನ್ ಎಲ್ಲಿಂದ ತರಬೇಕು? ಅದನ್ನೂ ಅಕ್ಕೋರೇ ಹೇಳಿದರು. ಅವರಿಗೆ ಹೊಟ್ಟಿನೋವು. "ನಿಮ್ಮವ್ವ ಒಂದು ಬಾಟ್ಲಿ ಕಡ್ಲಿ ಹುಳಿ ಹಿಂಡಿ ಕೊಟ್ರ, ಗಜೇಂದ್ರಗಡದಿಂದ ನಿನಗ ಬೇಕಾದಷ್ಟು ಉಲನ್ ತರತೇನಿ ನೋಡು."

ಕಡ್ಲಿ ಹುಳಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಚಳಿಗಾಲದಲ್ಲಿ ಕಡ್ಲಿ ಗಿಡದ ಎಲಿ ಮೇಲೆ ಹುಳಿ ಕೂಡುತ್ತದೆ, ಹೊಟ್ಟಿನೋವಿಗೆ ಅದು ಔಷಧ. ಸಂಜಿಗೆ ಗಿಡದ ಮೇಲೆ ತೆಳ್ಳನ್ನ ಧೋತರ ಹಾಸಿ ಬರಬೇಕು. ರಾತ್ರಿ ಇಬ್ಬನಿಗೆ ಅದು ತೊಯ್ಯುತ್ತದೆ. ಬೆಳಗಾಗುವ ಮುಂಚೆ ಹೋಗಿ ಧೋತರ ಹಿಂಡಿದರೆ ಒಂದು ವಾಟಿಗೆಯಷ್ಟು ಹುಳಿ ನೀರು ಸಿಗುತ್ತದೆ. ಬಾಟ್ಲಿ ತುಂಬಬೇಕೆಂದರೆ ಏಳೆಂಟು ದಿನ.

"ಯಾಕಂತ ಅಕ್ಕೋರಿಗೆ?" ಅಂತ ಕೇಳಿದಳು ಅವ್ವ.

"ಹೊಟ್ಟಿ ನೂಸತೈತಂತ."

"ಗಜೇಂದ್ರಗಡದ ಹೊಟ್ಟಿ ನಮ್ಮೂರ ಖಾರ ತಡೀವಲ್ದೇನು? ಕೊಡೂಣ ತಗೋ, ಪಾಪ."

ಉಲನ್ ಮಾತು ನಾನು ಎತ್ತಲಿಲ್ಲ. ಎಂಟು ದಿನ ಅವ್ವ ನಸುಕಿನಲ್ಲಿ ಕಡ್ಲಿ ಹೊಲಕ್ಕೆ ಹೋದಳು. ನಾನೂ ಹಿಂದೆ ಹೋಗುತ್ತಿದ್ದೆ. ಧೋತರದ ಒಂದು ತುದಿಯನ್ನು ಸೊಟ್ಟಗೈಯ ಬಾಗಿನಲ್ಲಿ ಸಿಗಿಸಿ ಒತ್ತಿ ಹಿಡಿದು, ಬಲಗೈಯಿಂದ ತಿರುವಿ ತಿರುವಿ ಹಿಂಡುತ್ತಿದ್ದಳು. ಹುಳಿ ನೀರು ಬಿರಿದ ಬೆರಳ ಸಂದಿಗೆ ಇಳಿದು ಉರಿದರೆ, "ಹಾ, ಹಾ" ಅಂತ ಕೈ ಝಾಡಿಸಿ ಮತ್ತೆ ಹಿಂಡುತ್ತಿದ್ದಳು. ಆ ಕೈ ಬೆಚ್ಚಗಿರಲಿ ಅಂತ ನಾನು ಉಲನ್ ಬೇಡಿದ್ದು, ಆ ಉಲನ್ನಿಗಾಗಿ ಆ ಕೈಯೇ ಎಂಟು ದಿನ ಇಬ್ಬನಿಯಲ್ಲಿ ನೆನೆಯಿತು. ಹನ್ನೊಂದು ವರ್ಷದ ನನಗೆ ಇದು ಹೊಳೆಯಲಿಲ್ಲ. ಉಲನ್ ಬಂತು, ಬದನಿಕಾಯಿ ಬಣ್ಣದ್ದು. ಅಷ್ಟೇ ಗೊತ್ತು.

ಅಳತಿ ನಾನು ಎಣ್ಣಿ ತಿಕ್ಕುವಾಗ ತೆಗೆದುಕೊಂಡೆ. ದಾರ ಹಿಡಿದರೆ ಗೊತ್ತಾಗುತ್ತದೆಂದು ನನ್ನ ಗೇಣು, ನನ್ನ ಬೆರಳಿನಲ್ಲೇ ಅಳೆದೆ. ಬಲಗೈ ಇಷ್ಟು, ಎಡಗೈ ಇಷ್ಟು, ಗಂಟಿನ ಸುತ್ತ ಇಷ್ಟು.

"ಎಣ್ಣಿ ಹಚ್ಚಾಕತ್ತಿಯೋ, ಹೊಲ ಅಳ್ಯಾಕತ್ತಿಯೋ?" ಅಂದಳು ಅವ್ವ ಕಣ್ಣು ಮುಚ್ಚಿಕೊಂಡೇ.

ಬಲತೋಳು ನಾಲ್ಕು ದಿನಕ್ಕೆ ಮುಗಿಯಿತು. ಎಡತೋಳು ಹದಿನೈದು ದಿನ ಹಿಡಿಯಿತು. ಸೀದಾ ಹೆಣೆದರೆ ಗಂಟಿಗೆ ಬಿಗಿಯುತ್ತದೆ, ಅಗಲ ಹೆಣೆದರೆ ಮುಂಗೈಯಲ್ಲಿ ಜೋಲುತ್ತದೆ. ಅಕ್ಕೋರ ಹತ್ತಿರ ಒಯ್ದೆ.

"ಯಾರ ಕೈ ಇದು?" ಅಂದರು.

"ನಮ್ಮವ್ವಂದ್ರಿ."

ಅವರು ಸ್ವಲ್ಪ ಹೊತ್ತು ನನ್ನ ಬೆರಳ ಅಳತಿ ಕೇಳಿಕೊಂಡು, ಆಮೇಲೆ ಕಾಲಚೀಲದ ಹಿಮ್ಮಡ ಹೆಣೆಯುವ ರೀತಿ ತೋರಿಸಿದರು. ಅರ್ಧ ಸಾಲಿಗೆ ತಿರುಗುತ್ತ, ತಿರುಗುತ್ತ ಬಂದರೆ ಅಲ್ಲಿ ಉಲನ್ ತಾನಾಗೇ ಉಬ್ಬಿ ಬಾಗುತ್ತದೆ. ಮೂರು ಸಲ ಬಿಚ್ಚಿದೆ. ನಾಲ್ಕನೇ ಸಲ ತೋಳು ಅವ್ವನ ಕೈಯ ಹಾಗೇ ಬಾಗಿ ಕೂತಿತು, ಗಂಟಿಗೆ ಜಾಗ, ಮುಂಗೈಗೆ ಸಣ್ಣಗೆ, ಗಿಡ್ಡಗೆ. "ಭಾಳ ಚಲೋ ಮಾಡೀದಿ. ಇಂಥಾದ್ದು ನಾನೂ ಮಾಡಿಲ್ಲ," ಅಂದರು ಅಕ್ಕೋರು. ನನ್ನ ಜನ್ಮದಲ್ಲಿ ಯಾರೂ ಸಾಲಿಯಲ್ಲಿ ನನಗೆ ಚಲೋ ಅಂದಿರಲಿಲ್ಲ.

ಗ್ಯಾದರಿಂಗಿನ ಹಿಂದಿನ ಸಂಜಿ ಅವ್ವನಿಗೆ ಹೇಳಿದೆ. "ನಾಳೆ ಸಾಲಿಗೆ ಬಾ. ನಿನಗ ತೊಡಾಕ ಮಾಡೇನಿ. ಎಡಗೈಗೆ ಸರಿಯಾಗಿ ಹೋಗತೈತಿ."

"ಈ ಕೈಗೆ?" ಅಂದಳು. ಕೈ ನೋಡಿಕೊಂಡಳು. "ಊರ ದರ್ಜಿನ್ನ ಸೋಲಿಸಿದ ಕೈ ಇದು. ನೀ ಗೆದ್ದಿಯೇನು?" ನಕ್ಕಳು. ಮರುದಿನ ಅರ್ಧ ಕೂಲಿ ಬಿಟ್ಟು, ತಲಿಗೆ ಎರೆದುಕೊಂಡು, ಇದ್ದ ಒಂದು ಇಳಕಲ್ ಸೀರಿ ಉಟ್ಟು ಬಂದಳು.

ಸಾಲಿ ಅಂಗಳದಲ್ಲಿ ಜಮಖಾನಿ ಹಾಸಿದ್ದರು. ಹೆಂಗಸರು ಕೂತಿದ್ದರು. ಕುರ್ಚಿ ಮೇಲೆ ಸಾವಕಾರ ಮನಿ ಅವ್ವಾರು. ಅವರ ಕೈಯಿಂದಲೇ ನಮಗೆ ಒಬ್ಬೊಬ್ಬರಿಗೆ ತೆಂಗಿನಕಾಯಿ, ಪುಸ್ತಕ ಕೊಡಿಸುವುದಿತ್ತು. ಹೆಣೆದದ್ದನ್ನೆಲ್ಲ ಟೇಬಲ್ ಮೇಲೆ ಇಟ್ಟಿದ್ದರು. ನನ್ನ ಪಾಳಿ ಬಂತು. ಅಕ್ಕೋರು ನನ್ನ ಹೆಸರು ಕರೆದರು. ಅವ್ವಾರು ನನ್ನ ಅರ್ಧ ಸ್ವೆಟರನ್ನು ಎರಡೂ ತೋಳು ಹಿಡಿದು ಎತ್ತಿದರು. ಒಂದು ತೋಳು ಉದ್ದ ಇಳಿಯಿತು. ಇನ್ನೊಂದು ಗಿಡ್ಡಗೆ, ನಡುವೆ ಉಬ್ಬಿ, ಸೊಟ್ಟಗೆ ನಿಂತಿತು.

"ಇದೇನವಾ ಇದು?" ಅಂದರು ಅವ್ವಾರು. "ಒಂದು ತೋಳು ಅತ್ತಿದು, ಒಂದು ಸೊಸಿದೇನು?"

ಎಲ್ಲರೂ ನಕ್ಕರು. ಕೆಟ್ಟ ನಗೆ ಅಲ್ಲ ಅದು. ಮಾತು ನಗೆ ಬರುವಂಥದ್ದೇ ಇತ್ತು. ನಮ್ಮವ್ವನೂ ನಕ್ಕಳು. ಜಮಖಾನಿ ತುದಿಯಿಂದ ಎದ್ದು ನಿಂತಿದ್ದಳು, ನನ್ನ ಹೆಸರು ಕರೆದಾಗಲೇ. ಏನೋ ಉತ್ತರ ಕೊಡಲು ಬಾಯಿ ತೆರೆದಿದ್ದಳು. ಮತ್ತೆ, ನಾನು ಕಣ್ಣಾರೆ ಕಂಡೆ, ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆದಿದ್ದಳು. ತೊಡಿಸಿಕೊಳ್ಳಲು ಸ್ವಲ್ಪ ಮುಂದೆ ಚಾಚಿದ್ದಳು. ಅಷ್ಟು ಮಂದಿಯ ನಡುವೆ.

ನನ್ನ ಹಿಂದೆ ಯಾವುದೋ ಹುಡುಗಿ ಪಿಸುಗುಟ್ಟಿದಳು. "ಸೊಟ್ಟಗೈ ಬಂತು, ನೋಡ್ರೇ."

"ತಪ್ಪಾಗೇತ್ರಿ," ಅಂದೆ ನಾನು. ಜೋರಾಗಿ ಅಂದೆ. "ಕುಣಿಕಿ ಜಾರಿದ್ವುರಿ. ಅದು ಸರಿ ಇಲ್ರಿ."

ಅಕ್ಕೋರು ನನ್ನ ಕಡೆ ತಿರುಗಿದರು. ಅವರಿಗೆ ಖರೇ ಗೊತ್ತಿತ್ತು. ನನಗೆ ಇನ್ನೊಂದು ಅವಕಾಶ ಕೊಟ್ಟರು. "ನೀಲವ್ವ, ತಪ್ಪಾಗೇತೇನು? ನೀ ಅಳತಿ ತಗೊಂಡು ಮಾಡಿದ್ದಲ್ಲಾ?"

"ಇಲ್ರಿ ಅಕ್ಕೋರ. ತಪ್ಪ ಆಗೇತಿ."

"ಇರಲಿ ಬಿಡವಾ," ಅಂದರು ಅವ್ವಾರು. "ಸಣ್ಣಾಕಿ. ಬಿಚ್ಚಿ ಮತ್ತ ಹೆಣಕೋ." ನನ್ನ ಕೈಗೆ ತೆಂಗಿನಕಾಯಿ ಕೊಟ್ಟರು.

ನಾನು ತಿರುಗಿ ನೋಡಿದಾಗ ಅವ್ವ ಕೂತುಬಿಟ್ಟಿದ್ದಳು. ಕೈ ಸೆರಗಿನೊಳಗೆ ಹೋಗಿತ್ತು. ಪಕ್ಕದ ಹೆಂಗಸಿಗೆ ಏನೋ ಹೇಳುತ್ತ ನನ್ನ ಕಡೆ ನೋಡದೆ ಇದ್ದಳು.

ಮನೆಗೆ ಬಂದಮೇಲೆ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳ ಬಾಯಿ ಸಣ್ಣದಲ್ಲ. ರೊಟ್ಟಿ ಸುಟ್ಟರೆ ಬೈಯುವವಳು, ಕೊಡ ಜಾರಿದರೆ ಬೈಯುವವಳು. ಅವತ್ತು ಬೈಯಲಿಲ್ಲ. ತೆಂಗಿನಕಾಯಿ ಒಡೆದು ಚೆಟ್ನಿ ಮಾಡಿದಳು, ಉಂಡೆವು. ನಾನು ಎಣ್ಣಿ ಬಿಸಿ ಮಾಡಿ ತಂದೆ. "ಬ್ಯಾಡ ಬಿಡವಾ, ಇವತ್ತ ನಾನ ಹಚಕೊಂತೀನಿ," ಅಂದಳು. ಮರುದಿನವೂ ಹಾಗೇ ಅಂದಳು. ಆಮೇಲೆ ನಾನು ಕೇಳುವುದನ್ನೇ ಬಿಟ್ಟೆ.

ಆಮೇಲಿನದು ಇನ್ನೂ ನಾಚಿಕೆಗೇಡು. ಹೇಳಿದ ಸುಳ್ಳನ್ನು ಖರೇ ಮಾಡಬೇಕಲ್ಲ, ಅದಕ್ಕೆ ಎಡತೋಳು ಪೂರಾ ಬಿಚ್ಚಿದೆ. ಹದಿನೈದು ದಿನದ ಕೆಲಸ ಒಂದು ತಾಸಿನಲ್ಲಿ ಉಂಡೆ ಆಯಿತು. ಬಲತೋಳಿನ ಅಳತಿಗೇ ಸೀದಾ ಹೆಣೆದೆ. ಎರಡೂ ಸಮ ಆದವು, ಅಂಗಡಿಯಲ್ಲಿ ತಂದಷ್ಟು ಚೆಂದ. ಸಾಲಿಗೆ ಒಯ್ದು ತೋರಿಸಿದೆ. ಹುಡುಗಿಯರು ಮುಟ್ಟಿ ನೋಡಿದರು. ಅಕ್ಕೋರು ಮುಟ್ಟಲಿಲ್ಲ. "ಹೂಂ, ಇಡು," ಅಂದರು ಅಷ್ಟೇ.

ಮನೆಗೆ ತಂದು ಅವ್ವನ ಮುಂದೆ ಇಟ್ಟೆ. ಬಲಗೈ ತೂರಿಸಿದಳು. ಎಡಗೈ ತೂರಿಸಲು ನೋಡಿದಳು. ಗಂಟಿನ ಹತ್ತಿರ ಸಿಕ್ಕಿಕೊಂಡಿತು. ಹಲ್ಲು ಕಚ್ಚಿ ಇನ್ನೊಂದು ಸಲ ಒತ್ತಿದಳು, ನನ್ನ ಮನಸ್ಸಿಗೆ ಬ್ಯಾಸರ ಆಗಬಾರದು ಅಂತ. ಬರಲಿಲ್ಲ. ಮೆಲ್ಲಗೆ ತೆಗೆದು ಮಡಚಿದಳು. "ನಿಮ್ಮ ಕಾಕುಗ ಬರತೈತಿ ನೋಡು, ಆಕಿಗೂ ಚಳಿ ಅಂತಿದ್ಲು," ಅಂದು ಚಿಕ್ಕಪ್ಪನ ಹೆಂಡತಿಗೆ ಕೊಟ್ಟಳು. ಕಾಕು ಐದಾರು ಚಳಿಗಾಲ ಅದನ್ನು ಹಾಕಿಕೊಂಡು ನಮ್ಮ ಕಣ್ಣ ಮುಂದೆ ಅಡ್ಡಾಡಿದಳು. "ನಮ್ಮ ನೀಲವ್ವನ ಕೈ ಕೆಲಸ" ಅಂತ ಊರಿಗೆಲ್ಲ ಹೇಳಿದಳು. ನಾನು ಹೂಂ ಅಂದೆ.

ನನ್ನ ಮೂರನೇ ಬಾಣಂತನಕ್ಕೆ ತವರಿಗೆ ಬಂದಾಗ ಒಂದು ದಿನ ಧೈರ್ಯ ಮಾಡಿದೆ. ಅವ್ವ ಕಾಲು ಚಾಚಿ ಕೂತು ಕೂಸಿಗೆ ಎರೆಯುತ್ತಿದ್ದಳು. "ಅವ್ವಾ, ಗ್ಯಾದರಿಂಗದಾಗ ನಾ ಸುಳ್ಳ ಹೇಳಿದ್ನಿ. ತೋಳು ತಪ್ಪಾಗಿರಲಿಲ್ಲ."

"ಗೊತ್ತೈತಿ," ಅಂದಳು ತಲಿ ಎತ್ತದೆ. ಕೂಸಿನ ಕಿವಿ ಹಿಂದೆ ತಿಕ್ಕಿದಳು. "ನೀ ಸಣ್ಣಾಕಿ ಇದ್ದಿ. ಅಷ್ಟು ಮಂದ್ಯಾಗ ನಾ ಕೈ ಹೊರಗ ತಗೀಬಾರದಿತ್ತು."

ನಾನು ಚರಿಗಿ ಹಿಡಿದುಕೊಂಡು ಅವಳ ಮುಖವನ್ನೇ ನೋಡಿದೆ.

"ಏನ ನೋಡಾಕತ್ತಿ? ನೀರು ಆರತೈತಿ, ಚರಿಗಿ ಈಕಡೆ ಕೊಡು," ಅಂದಳು.

ತಪ್ಪು ನಂದು ಅಂತ ಒಪ್ಪಿಸಲು ಹೋದವಳ ಕೈಯಿಂದ ತಪ್ಪನ್ನೂ ಕಸಿದು ತಾನೇ ಇಟ್ಟುಕೊಂಡಳು. ಅವತ್ತು ನಾಲ್ಕು ಮಾತು ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಮತ್ತೊಮ್ಮೆ ಆ ಮಾತು ತೆಗೆಯಲು ನನಗೆ ಬಾಯಿ ಬರಲಿಲ್ಲ. ಅವಳು ಹೋಗಿ ಎಷ್ಟೋ ವರ್ಷ ಆದವು.

ಆಮೇಲೆ ನಾನು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೆಣೆದೇನಿ, ಬೇಡ ಅನ್ನುವಷ್ಟು. ಎಲ್ಲಾ ಸಮ ತೋಳಿನವು. ಈಗ ಅದೂ ಬೇಕಾಗಿಲ್ಲ. ಮೊಬೈಲಿನಲ್ಲಿ ಒತ್ತಿದರೆ ಮನೆಗೇ ಬರುತ್ತವೆ. ನಮ್ಮೂರ ಕಡ್ಲಿ ಹೊಲಕ್ಕೆ ಧೋತರ ಹಾಸುವವರೂ ಇಲ್ಲ, ಹುಳಿ ಬೇಡುವವರೂ ಇಲ್ಲ. ಇದಕ್ಕೆಲ್ಲ ನನಗೆ ಅಳು ಬರುವುದಿಲ್ಲ, ಕಾಲ ಹೋಗುತ್ತಿರುತ್ತದೆ. ಹೋದದ್ದು ಬೇರೆ. ಅವ್ವನ ಆ ಕೈಗೆ ಸರಿಯಾದದ್ದು ಅವಳ ಜನ್ಮದಲ್ಲಿ ಒಂದೇ ಒಂದು ತಯಾರಾಗಿತ್ತು. ಒಂದು ದಿನವೂ ಅವಳ ಮೈಮೇಲೆ ಬರಲಿಲ್ಲ. ಅವತ್ತು ಅಂಗಳದಲ್ಲಿ ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಈಗ ಇಷ್ಟೆಲ್ಲ ಬರೆದೆ. ಅವ್ವ ಇದ್ದಿದ್ದರೂ ಅವಳಿಗೆ ಓದಲು ಬರುತ್ತಿರಲಿಲ್ಲ.