ಬೀಜದ ತೊಗರಿ, ಸೀಟಿನ ಮೇಲಿನ ಟಾವೆಲ್

ನಂದೂರಿನ ನಮ್ಮ ಬೇಳೆ ಮಿಲ್ಲಿನಲ್ಲಿ ಆ ದಿನ ನಡೆದದ್ದನ್ನು ನಾನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಅವಸರ ಮಾಡಿದರೆ ಹಿಂದಿನದು ಮುಂದಾಗಿಬಿಡುತ್ತದೆ.

ನಾನು ಮಿಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವವಳು. ಮನೆ ಕಮಲಾಪುರದಲ್ಲಿ. ದಿನಾ ಬಸ್ಸಿನಲ್ಲಿ ಕಲಬುರಗಿಗೆ ಬಂದು, ಅಲ್ಲಿಂದ ನಂದೂರಿಗೆ ಹೋಗುತ್ತೇನೆ. ಮಿಲ್ಲಿನದೊಂದು ಶೆಡ್ಡು ಕಮಲಾಪುರದಲ್ಲೂ ಇದೆ. ಸುತ್ತಲಿನ ತೊಗರಿ ಮೊದಲು ಅಲ್ಲಿಗೆ ಬಂದು, ಟೆಂಪೋದಲ್ಲಿ ನಂದೂರಿಗೆ ಹೋಗುತ್ತದೆ.

ನನ್ನ ಕಾಕಿ, ಅಂದರೆ ಚಿಕ್ಕಪ್ಪನ ಹೆಂಡತಿ, ತನ್ನ ಅತ್ತೆಯ ಕಾಲದಿಂದ ಬಂದ ಒಂದು ಜಾತಿಯ ತೊಗರಿ ಬೆಳೆಯುತ್ತಾಳೆ. ಕಾಯಿ ತಡವಾಗಿ ಬಲಿಯುತ್ತದೆ, ಬೇಳೆ ಬೇಗ ಬೇಯುತ್ತದೆ. ಅಂಗಡಿಯಲ್ಲಿ ಅದರ ಬೀಜ ಸಿಗುವುದಿಲ್ಲ. ಪ್ರತಿ ವರ್ಷ ಅವಳೇ ಎತ್ತಿಡಬೇಕು. ಆ ವರ್ಷ ಎತ್ತಿಟ್ಟ ಬೀಜದಲ್ಲಿ ಹರಳು, ಹುಳ ತಿಂದ ಕಾಳು ಬಹಳ ಸೇರಿಕೊಂಡಿದ್ದವು. ಮೊರದಲ್ಲಿ ಕೇರುತ್ತ ಕೂತರೆ ಮಳೆ ಬಂದುಬಿಡುತ್ತದೆ, ಮಿಲ್ಲಿನ ಜರಡಿಗೆ ಹಾಕಿಸೋಣ ಎಂದು ನಾನೇ ಹೇಳಿದೆ. ಮನೆಯಲ್ಲಿ ಒಂದು ಗಡಿಗೆಯಷ್ಟು ಇಟ್ಟುಕೊಂಡು ಉಳಿದ ಬೀಜವನ್ನೆಲ್ಲ ಮೂರು ಚೀಲದಲ್ಲಿ ತುಂಬಿ ಶೆಡ್ಡಿಗೆ ತಂದಳು.

"ಬ್ಯಾಳಿ ಮಾಡಬ್ಯಾಡ್ರಿ ಅಂತ ಬರಿಯಪ್ಪಾ," ಎಂದು ಶೆಡ್ಡಿನ ಗುಮಾಸ್ತನಿಗೆ ಹೇಳಿದಳು.

ಅವನು ಅವಳ ಹೆಸರು, ಚೀಲದ ಸಂಖ್ಯೆ ಬರೆದು, ಮುಂದೆ "ಬೀಜ, ಜರಡಿ ಮಾತ್ರ" ಎಂದು ಒತ್ತಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಸಾಲನ್ನು ಪರದೆಯ ಮೇಲೆ ಕಣ್ಣಾರೆ ಕಂಡೆ. ಅದು ಉಳಿಯಿತು ಎಂದೂ ಪರದೆ ಹೇಳಿತು.

ಮರುದಿನ ಕಾಕಿ ತನ್ನ ಬೀಜ ವಾಪಸ್ ಒಯ್ಯಲು ನನ್ನ ಜೊತೆಗೇ ನಂದೂರಿಗೆ ಬಂದಳು. ನಾನು ಆಫೀಸಿನ ಬೀಗ ತೆಗೆಯುತ್ತಿದ್ದೆ, ಅವಳು ನೇರ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರೋಲರಿನ ಸದ್ದು ನಿಂತಿತು. ಮಿಲ್ಲಿನಲ್ಲಿ ಆ ಹೊತ್ತಿಗೆ ಸದ್ದು ನಿಲ್ಲುವುದಿಲ್ಲ. ನಾನು ಓಡಿದೆ.

ಕಾಕಿ ಒಂದು ಚೀಲದ ಮೇಲೆ ಕೈ ಇಟ್ಟು ನಿಂತಿದ್ದಳು. ಇನ್ನೊಂದು ಅವಳ ಕಾಲ ಹತ್ತಿರ ಇತ್ತು. ಮೂರನೆಯದು ಖಾಲಿಯಾಗಿ ನೆಲದ ಮೇಲೆ ಬಿದ್ದಿತ್ತು.

"ಅವ್ವಾ, ಸ್ಕ್ರೀನಿನ್ಯಾಗ ಈ ಚೀಲಕ್ಕ ಹೆಸರಿಲ್ಲ," ಎನ್ನುತ್ತಿದ್ದ ಹಮಾಲ. "ಹೆಸರಿಲ್ದಿದ್ದು ಬ್ಯಾಳಿಗೇ ಹೋಗ್ತದ. ಇಲ್ಲಿ ಪದ್ಧತಿ ಹಂಗ ಅದ."

"ಹೆಸರು ನನಗ ಅದ," ಎಂದಳು ಕಾಕಿ. "ಕೇಳು, ಹೇಳ್ತೀನಿ."

ಹಮಾಲ ಹೇಳಿದ್ದು ಸುಳ್ಳಲ್ಲ. ಮಿಲ್ಲಿಗೆ ಬರುವುದೆಲ್ಲ ಬೇಳೆಗೇ ಬರುವ ತೊಗರಿ. ಹಾಗಾಗಿ ಬೇರೆ ಏನೂ ಬರೆಯದಿದ್ದ ಚೀಲವನ್ನು ಯಾರನ್ನೂ ಕೇಳದೆ ರೋಲರಿಗೆ ಸುರಿಯುತ್ತಾರೆ. ರೋಲರ್ ಕಾಳಿನ ಸಿಪ್ಪೆಯನ್ನು ಗೀರುತ್ತದೆ, ಆಮೇಲೆ ಹಚ್ಚುವ ಎಣ್ಣೆ ಒಳಗಿಳಿಯಲಿ ಎಂದು. ಬೇಳೆಗೆ ಅದು ಬೇಕು. ಬೀಜಕ್ಕೆ ಅದೇ ಕೊನೆ.

ಕಾಕಿ ರೋಲರಿನ ಕೆಳಗಿಂದ ಒಂದು ಮುಷ್ಟಿ ಎತ್ತಿ ಬೆಳಕಿಗೆ ಹಿಡಿದಳು. ಬೆರಳಿಂದ ಒಂದೊಂದೇ ಕಾಳನ್ನು ಹೊರಳಿಸಿ, ಮೊಳಕೆ ಒಡೆಯುವ ಕಣ್ಣು ನೋಡಿದಳು.

"ಇವುಗಳ ಕಣ್ಣು ಹೋಗ್ಯಾವ. ಇದು ಇನ್ನ ಅಡಿಗಿಗೇ," ಎಂದು ಚೀಲಕ್ಕೆ ಹಾಕಿದಳು. ನನ್ನ ಮುಖ ನೋಡಿ, "ಯವ್ವಾ, ನೀ ಕೂಡು. ಎರಡು ಉಳದಾವ," ಎಂದಳು. ನಾನು ಚೀಲದ ಮೇಲೇ ಕೂತುಬಿಟ್ಟೆ. ಆ ಎರಡು ಚೀಲಕ್ಕೂ ರೋಲರಿಗೂ ನಡುವೆ ಇದ್ದದ್ದು ಅವಳು ಬೇಗ ಬೇಗ ಇಟ್ಟ ಹೆಜ್ಜೆ ಮಾತ್ರ.

ನನ್ನನ್ನು ನಡುಗಿಸಿದ್ದು ನಷ್ಟಕ್ಕಿಂತ ಹೆಚ್ಚಾಗಿ ಆ ಸಾಲು ಮಾಯವಾದದ್ದು. ನಾನು ಕಂಡಿದ್ದೆ. ಯಾರೂ ಅಳಿಸಿರಲಿಲ್ಲ. ಆದರೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾರಣ ತಿಳಿಯಿತು. ಆ ಪ್ರೋಗ್ರಾಂ ನನಗಿಂತ ಮುಂಚೆ ಇದ್ದವರು ಬರೆದದ್ದು. ಕಮಲಾಪುರದ ಶೆಡ್ಡು, ನಂದೂರಿನ ಗೇಟು, ಎರಡಕ್ಕೂ ಒಂದೇ ಫೈಲು. ಹೊಸ ಸಾಲು ಸೇರಿಸಬೇಕಾದರೆ ಕಂಪ್ಯೂಟರ್ ಇಡೀ ಫೈಲಿನ ನಕಲು ತೆಗೆದುಕೊಂಡು, ಅದರ ಕೊನೆಗೆ ತನ್ನ ಸಾಲು ಬರೆದು, ಇಡೀ ನಕಲನ್ನು ಹಳೆಯದರ ಜಾಗದಲ್ಲಿ ಇಡುತ್ತಿತ್ತು. ಶೆಡ್ಡಿನಲ್ಲಿ ಕಾಕಿಯ ಸಾಲು ಬರೆಯುತ್ತಿದ್ದಾಗಲೇ ಗೇಟಿನಲ್ಲಿ ಲೆಕ್ಕ ಬರೆಯುವ ಮುನೀಮರು ಬೇರೊಂದು ಟೆಂಪೋದ ಸಾಲು ಬರೆಯುತ್ತಿದ್ದರು. ಅವರ ನಕಲಿನಲ್ಲಿ ಕಾಕಿ ಇನ್ನೂ ಬಂದಿರಲಿಲ್ಲ. ಅವರು ಅದನ್ನು ನಮ್ಮ ನಂತರ ಇಟ್ಟರು. ಕೊನೆಗೆ ಇಟ್ಟವರದೇ ಉಳಿಯಿತು.

ಖಾತ್ರಿ ಮಾಡಿಕೊಳ್ಳಲು ಮುನೀಮರನ್ನು ಗೇಟಿನಲ್ಲಿ ಕೂರಿಸಿ, ಶೆಡ್ಡಿಗೆ ಫೋನ್ ಹಚ್ಚಿ, ಇಬ್ಬರಿಗೂ ಒಟ್ಟಿಗೆ ಒತ್ತಲು ಹೇಳಿದೆ. ಇಬ್ಬರ ಪರದೆಯೂ "ಉಳಿಯಿತು" ಎಂದಿತು. ಫೈಲು ತೆರೆದರೆ ಒಂದೇ ಸಾಲು.

"ನಮ್ಮ ಇಬ್ಬರಾಗ ಒಬ್ರಿಗೆ ಸುಳ್ಳು ಹೇಳ್ಯಾದ," ಎಂದರು ಮುನೀಮರು. "ಅದೂ ನಗುನಗುತ್ತ."

ಬರೆಯುವ ಮುಂಚೆ ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳಿ ಎಂದು ಹೇಳಿದೆ. ಟೆಂಪೋಗಳು ಸಾಲುಗಟ್ಟುವವರೆಗೆ ಅದು ನಡೆಯಿತು. "ಮೇಡಂ, ಫೋನ್ ಎತ್ತೂದ್ರಾಗ ಇವ್ರು ಹಾರ್ನ್ ಹೊಡದು ನನ್ನ ಕಿವಿ ಕೀಳಾಕತ್ತಾರ," ಎಂದು ಮುನೀಮರು ಕೈಬಿಟ್ಟರು.

ಆ ವಾರ ಒಂದು ಸಂಜೆ ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಕಮಲಾಪುರದ ಬಸ್ಸು ಹತ್ತಿದೆ. ನಮ್ಮಲ್ಲಿ ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಸೀಟಿನ ಮೇಲೆ ಟಾವೆಲ್ ಒಗೆಯುತ್ತಾರೆ. ಟಾವೆಲ್ ಬಿದ್ದ ಸೀಟಿನಲ್ಲಿ ಬೇರೆಯವರು ಕೂರುವುದಿಲ್ಲ. ದಿನಾ ಕಾಣುವುದೇ. ಅಂದು ನನ್ನ ಮುಂದೆ ಜಗಳ ಬಿತ್ತು. ಒಬ್ಬ ಕಿಟಕಿಯಿಂದ ಟಾವೆಲ್ ಒಗೆದಿದ್ದ. ಇನ್ನೊಬ್ಬ ಬಾಗಿಲಿಂದ ಬಂದು ಅದರ ಮೇಲೇ ಚೀಲ ಇಟ್ಟಿದ್ದ.

"ನಾ ಹತ್ತಿ ನೋಡಿದಾಗ ಸೀಟ್ ಖಾಲಿ ಇತ್ತು," ಎಂದ ಚೀಲದವನು.

"ನಾನೂ ಖಾಲಿ ನೋಡೇ ಒಗದೀನಿ," ಎಂದ ಟಾವೆಲಿನವನು.

ಕಂಡಕ್ಟರ್ ಟಿಕೆಟ್ ಹರಿಯುತ್ತಲೇ ಹೇಳಿದರು: "ನೋಡಿದ್ದು ಯಾರು ಕೇಳ್ತಾರ್ರೀ. ನಾನೂ ಭಾಳ ಸೀಟ್ ನೋಡೀನಿ. ಮೊದಲು ಬಿದ್ದಿದ್ದು ಏನು ಅದನ್ನ ಹೇಳ್ರಿ."

ಮೊದಲು ಬಿದ್ದದ್ದು ಟಾವೆಲ್. ಚೀಲದವನು ಗೊಣಗುತ್ತ ಹಿಂದೆ ಹೋದ. ನಾನು ಮಹಾಗಾಂವ ದಾಟುವವರೆಗೂ ಆ ಟಾವೆಲನ್ನೇ ನೋಡುತ್ತ ಕೂತಿದ್ದೆ.

ಅಂಥದ್ದೇ ಒಂದು ಟಾವೆಲನ್ನು ಪ್ರೋಗ್ರಾಂನಲ್ಲಿ ಇಟ್ಟೆ. ದೊಡ್ಡ ಫೈಲಿನ ಪಕ್ಕದಲ್ಲಿ ಒಂದು ಚಿಕ್ಕ ಖಾಲಿ ಫೈಲು. ಬರೆಯಬೇಕಾದವರು ಮೊದಲು ಅದನ್ನು ಸೃಷ್ಟಿಸಬೇಕು. ಅದು ಆಗಲೇ ಇದ್ದರೆ ಸೃಷ್ಟಿಯಾಗುವುದಿಲ್ಲ, ಕಾಯಬೇಕು. ಬರೆದು ಮುಗಿದ ಮೇಲೆ ಅಳಿಸಬೇಕು. ಮೊದಲು ಇದೆಯೋ ಇಲ್ಲವೋ ಎಂದು ನೋಡಿ, ಆಮೇಲೆ ಇಡುವ ಹಾಗಿಲ್ಲ. ನೋಡುವುದಕ್ಕೂ ಇಡುವುದಕ್ಕೂ ನಡುವೆ ಇನ್ನೊಬ್ಬ ಇಟ್ಟುಬಿಡುತ್ತಾನೆ. ನೋಡುವುದೂ ಇಡುವುದೂ ಒಂದೇ ಏಟಿಗೆ ಆಗಬೇಕು. ಹಾಗೆ ಮಾಡಲು ಕಂಪ್ಯೂಟರಿಗೆ ಬರುತ್ತದೆ, ಹೇಳಬೇಕಷ್ಟೆ. ಇಡೀ ಫೈಲಿನ ನಕಲು ತೆಗೆಯುವುದೂ ಟಾವೆಲ್ ಬಿದ್ದ ಮೇಲೆಯೇ.

ಕೆಲವು ದಿನ ಚೆನ್ನಾಗಿ ನಡೆಯಿತು. ಒಂದು ಮಧ್ಯಾಹ್ನ ಕಮಲಾಪುರದಲ್ಲಿ ಬರೆಯುತ್ತಿದ್ದಾಗಲೇ ಕರೆಂಟು ಹೋಯಿತು. ಚಿಕ್ಕ ಫೈಲು ಅಳಿಯದೆ ಉಳಿಯಿತು. ನಂದೂರಿನ ಗೇಟಿನಲ್ಲಿ ಟೆಂಪೋಗಳು ನಿಂತವು.

"ಮೇಡಂ, ಟಾವೆಲ್ ಸೀಟಿನ ಮ್ಯಾಲೇ ಅದ, ಆಸಾಮಿ ಇಲ್ಲ," ಎಂದು ಮುನೀಮರು ಕೂಗಿ ಕರೆದರು. ಬಸ್ಸಿನ ಕಥೆ ನಾನು ಅವರಿಗೆ ಹೇಳಿದ್ದೆ.

ಆಮೇಲೆ ಚಿಕ್ಕ ಫೈಲಿನೊಳಗೆ ಇಟ್ಟವರ ಜಾಗ, ಇಟ್ಟ ವೇಳೆ ಬರೆಯುವಂತೆ ಮಾಡಿದೆ. ಬಹಳ ಹೊತ್ತಾದರೆ ಅಲ್ಲಿಗೆ ಫೋನ್ ಮಾಡಿ ಕೇಳಿ, ಆಮೇಲೆ ತೆಗೆಯುವುದು. ಕೇಳದೆ ತೆಗೆಯುವಂತಿಲ್ಲ.

ಇನ್ನು ಉಳಿದವರು ಮಿಲ್ಲಿನ ಮಾಲೀಕರಾದ ಸಾವ್ಕಾರರು. ಅವರು ಕಲಬುರಗಿಯ ಜೇವರ್ಗಿ ಕಾಲೋನಿಯ ಮನೆಯಿಂದ ಫೈಲನ್ನು ನೇರವಾಗಿ ತೆರೆದು ತಿದ್ದುತ್ತಿದ್ದರು. ಟಾವೆಲ್ ನೋಡದವನಿಗೆ ಟಾವೆಲ್ ಇಲ್ಲ. ಹೋಗಿ ಹೇಳಿದೆ.

"ಏನವ್ವಾ, ನನ್ನ ಫೈಲಿಗೆ ನಾನೇ ಪಾಳಿ ಹಚ್ಚಬೇಕೇನು?"

"ಹೌದ್ರಿ ಸಾವ್ಕಾರ್ರ. ನೀವು ಹಚ್ಚಿದ್ರನ ಉಳದವ್ರದೂ ಉಳಿತದ."

ಅವರು ಚಹಾದ ಕಪ್ಪು ಕೆಳಗಿಟ್ಟರು. "ಆ ಹೆಣ್ಮಗಳ ಬೀಜ ಎಷ್ಟು ಹೋತು?" ಎಂದು ಕೇಳಿದರು. ಒಂದು ಚೀಲ ಎಂದೆ. "ಹಚ್ಚು ಪಾಳಿ," ಎಂದರು.

ಕಾಕಿ ಉಳಿದ ಎರಡು ಚೀಲ ಬಿತ್ತಿದಳು. ಹೊಲದ ಒಂದು ಅಂಚು ಆ ವರ್ಷ ಬೇರೆ ತೊಗರಿಗೆ ಹೋಯಿತು. ಮೂರನೆಯ ಚೀಲದ ಬೇಳೆ ಅವಳ ಮನೆಗೂ ನಮ್ಮ ಮನೆಗೂ ಬಹಳ ದಿನ ಬಂತು. "ಬೀಜ ಉಣ್ಣೋ ಸಾವ್ಕಾರ್ರು ನಾವಽ," ಎಂದು ಬಡಿಸುತ್ತ ನಗುತ್ತಿದ್ದಳು. ರುಚಿಯಾಗಿಯೇ ಇತ್ತು.

ಮುಂದಿನ ವರ್ಷ ಅವಳು ಮತ್ತೆ ಮೂರು ಚೀಲ ತಂದಳು. ನಾನು ಕರೆದಿರಲಿಲ್ಲ. ಚೀಲಗಳ ಬಾಯಿಗೆ ಹಳೆಯ ಕೆಂಪು ಸೀರೆಯ ತುಂಡು ಕಟ್ಟಿದ್ದಳು. ಗುಮಾಸ್ತ ಸಾಲು ಬರೆದು ಒತ್ತಿದ. ಪರದೆಯ ಮೇಲೆ ಬೇರೆ ಅಕ್ಷರ ಬಂದವು.

"ಏನು ಬರದದ?" ಎಂದಳು.

"ನಂದೂರಿನವ್ರು ಬರಿಯಾಕತ್ತಾರ, ಸ್ವಲ್ಪ ತಡೀರಿ ಅಂತ ಅದ ಕಾಕಿ."

"ಬರೀಲಿ. ನಾ ತಡೀತೀನಿ," ಎಂದು ಚೀಲದ ಮೇಲೆ ಕೂತಳು. ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳ ಸಾಲು ಸೇರಿತು. ಫೈಲನ್ನು ಇನ್ನೊಮ್ಮೆ ತೆರೆಸಿದೆ. ಮುನೀಮರ ಸಾಲು ಇತ್ತು, ಅದರ ಕೆಳಗೆ ಕಾಕಿಯದು.

ಮರುದಿನ ನಂದೂರಿನಲ್ಲಿ ಮೂರೂ ಚೀಲ ಜರಡಿಯಾಗಿ, ರೋಲರಿನಿಂದ ದೂರ ಗೋಡೆಗೆ ಒರಗಿ ನಿಂತಿದ್ದವು. ಕಾಕಿ ಒಂದರ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಮುಷ್ಟಿ ತೆಗೆದಳು. ಬೆಳಕಿಗೆ ಹಿಡಿದು ಹೊರಳಿಸಿ ನೋಡಿದಳು. ಆಮೇಲೆ ಎರಡನೆಯದು, ಆಮೇಲೆ ಮೂರನೆಯದು.

"ಕಣ್ಣು ಅದಾವ," ಎಂದು ಚೀಲದ ಬಾಯಿ ಕಟ್ಟತೊಡಗಿದಳು.